ಹಲ್ಲಿಯಿಂದ ‘ಕೊನೆಗೆ’ ಏನು ಬರುತ್ತೆ?

“ಮೇಡಂ, ನೀವು ಫಿಸಿಕ್ಸ್ ಪ್ರೊಫೆಸರ್ ಅಲ್ವಾ? ಹಲ್ಲಿ ಕಾಲಿನ ಮೇಲೆ ರಿಸರ್ಚ್ ಮಾಡ್ತೀರಂತೆ. ಅದ್ರಿಂದ ಕೊನೆಗೆ ಏನು ಬರುತ್ತೆ?”

ಇದೇ ಪ್ರಶ್ನೆ. ಮದುವೆಮನೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಶಿವಮೊಗ್ಗದ ರೈಲಿನಲ್ಲಿ, ಒಂದು ಸಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ. (ಅವರಿಗೆ ಮೊದಲು ‘ಹಲ್ಲಿನ ಮೇಲೆ ರಿಸರ್ಚ್’ ಅಂತ ಕೇಳಿಸಿ ಬಹಳ ಖುಷಿಯಾಗಿತ್ತು. ಹಲ್ಲಲ್ಲ, ಹಲ್ಲಿ ಅಂತ ಗೊತ್ತಾದ ಮೇಲೆ ಮುಖ ಇಳಿಯಿತು.) ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದರ ಲಿಂಕ್ ಕಳಿಸಿ ನನ್ನ ಪಾಡಿಗೆ ಊಟ ಮಾಡುತ್ತೇನೆ.

ಚಿಕ್ಕ ಉತ್ತರ ಬೇಕಾ? ಗೋಂದಿಲ್ಲದೆ ಅಂಟುವ, ಬೇಕೆಂದಾಗ ಬಿಡುವ, ಗೋಡೆ ಮೇಲೆ ಗುರುತು ಉಳಿಸದ ಟೇಪು ಬರಬಹುದು. ಅಲ್ಲಿ ಇಲ್ಲಿ ಬಂದಿದೆ ಕೂಡ. ನಾನು ಮಾಡಿದ್ದಲ್ಲ. ಇಷ್ಟು ಸಾಕು ಅನ್ನುವವರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ, ಆ ‘ಕೊನೆಗೆ’ ಅನ್ನುವ ಪದದ ಮೇಲೆ. ನಾನು ಯಾವುದೋ ಬಸ್ಸಿನಲ್ಲಿ ಕೂತಿದ್ದೇನೆ, ಅದಕ್ಕೊಂದು ಕೊನೆಯ ಸ್ಟಾಪ್ ಇದೆ, ಅಲ್ಲಿ ಇಳಿದು ಏನನ್ನೋ ಎತ್ತಿಕೊಂಡು ಬರಬೇಕು ಅನ್ನುವ ಹಾಗೆ. ನಡುವಿನ ಊರುಗಳು ಲೆಕ್ಕಕ್ಕೇ ಇಲ್ಲ.

ಒಂದು ಮದುವೆಯ ಕಥೆ ಹೇಳಲೇಬೇಕು. ಸಾಗರದ ಹತ್ತಿರ, ನೆಂಟರ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹುಡುಗನ ಕಡೆಯ ಒಬ್ಬರು ದೊಡ್ಡವರು. ರಿಟೈರ್ಡ್ ಎಂಜಿನಿಯರ್. ಪರಿಚಯ ಆಯಿತು, ಪ್ರಶ್ನೆಯೂ ಬಂತು. ಆಗಿನ್ನೂ ನನಗೆ ಉತ್ಸಾಹ ಇತ್ತು. ಬಾಳೆಲೆಗೆ ನೀರು ಚಿಮುಕಿಸಿದ್ದೆ, ಹನಿ ಉರುಳುತ್ತಿತ್ತು, ಅದನ್ನೇ ತೋರಿಸಿ ಶುರು ಮಾಡಿದೆ. ಎಲೆಯ ಮೇಲೆ ಮೇಣ ಇದೆ ಸಾರ್, ಬಾಳೆಲೆಗಿಂತ ಕೆಸುವಿನ ಎಲೆ ಇನ್ನೂ ಜೋರು, ತಾವರೆ ಎಲೆಯಂತೂ ಕೇಳಲೇಬೇಡಿ ಅಂತ. ಕೋಸಂಬರಿ ಬಂತು, ಪಲ್ಯ ಬಂತು, ನಾನು ತಾವರೆಯಿಂದ ಹಲ್ಲಿಗೆ ಬಂದಿದ್ದೆ. ಅವರು ಪೂರ್ತಿ ಕೇಳಿ, “ಅದೆಲ್ಲ ಸರಿಯಮ್ಮ, ಕೊನೆಗೆ?” ಅಂದರು. ನಾನು ಬಾಯಿ ತೆರೆಯುವುದರೊಳಗೆ, “ನಮ್ಮ ಭಾವನ ಮಗ ಚಿಪ್ ಡಿಸೈನ್‌ನಲ್ಲಿದ್ದಾನೆ. ಅಂಥದ್ದು ಮಾಡಬೇಕು, ದೇಶಕ್ಕೆ ಉಪಯೋಗ” ಅಂದರು.

ಸರಿಯಾಗಿ ಆ ಹೊತ್ತಿಗೆ ಮೇಲೆ ತೊಲೆಯಿಂದ ಹಲ್ಲಿ ಲೊಚಗುಟ್ಟಿತು. ಎಂಜಿನಿಯರ್ ಸಾಹೇಬರು ಎಡಗೈ ಬೆರಳಿಂದ ನೆಲ ತಟ್ಟಿ “ಕೃಷ್ಣ ಕೃಷ್ಣ, ನೋಡು, ಸತ್ಯ ಅಂತು” ಅಂದರು. ಹಲ್ಲಿ ಅವರ ಪರ.

ಆ ದಿನ ರಾತ್ರಿ ಮನೆಗೆ ಬಂದು ಪಂಚಾಂಗ ತೆಗೆದು ನೋಡಿದೆ. ಹಲ್ಲಿ ತಲೆ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು, ಗಂಡಸರಿಗೆ ಏನು, ಹೆಂಗಸರಿಗೆ ಏನು, ಸಾಲುಸಾಲು ಫಲ. ಹಲ್ಲಿ ಬಿದ್ದರೆ ಏನಾಗುತ್ತದೆ ಅಂತ ಎಷ್ಟೋ ತಲೆಮಾರಿನಿಂದ ಬರೆದಿಟ್ಟಿದ್ದೇವೆ. ಅದು ದಿನವಿಡೀ ಸೂರಿಗೆ ತಲೆಕೆಳಗಾಗಿ ಓಡಾಡಿಯೂ ಬೀಳುವುದಿಲ್ಲವಲ್ಲ, ಅದಕ್ಕೆ ಒಂದು ಸಾಲಾದರೂ ಬೇಡವಾ?

ಇನ್ನೊಂದು ಉಪಪ್ರಶ್ನೆ ಇದೆ: ಫಿಸಿಕ್ಸ್‌ನವಳಿಗೆ ಪ್ರಾಣಿ ಪಕ್ಷಿ ಯಾಕೆ, ಅದು ಬಯಾಲಜಿಯವರ ಕೆಲಸ ಅಲ್ವಾ? ಇದಕ್ಕೆ ನಾನು ಸಿ. ವಿ. ರಾಮನ್ ಹೆಸರಿನ ಹಿಂದೆ ಅಡಗಿಕೊಳ್ಳುತ್ತೇನೆ. ನೊಬೆಲ್ ಬಂದು ನಾಲ್ಕು ವರ್ಷದ ಮೇಲೆ, 1934ರಲ್ಲಿ, ಬೆಂಗಳೂರಿನಲ್ಲಿ ಕೂತು ಅವರು ಹಕ್ಕಿಗಳ ಪುಕ್ಕದ ಬಣ್ಣದ ಬಗ್ಗೆ ಪ್ರಬಂಧ ಬರೆದರು. ಹಕ್ಕಿ ಯಾವುದು ಅಂದರೆ ನೀಲಕಂಠ, ನಮ್ಮ ರಾಜ್ಯದ ಪಕ್ಷಿ. ಅದರ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯೊಳಗೆ ಬೆಳಕಿನ ತರಂಗಕ್ಕಿಂತ ಚಿಕ್ಕ ಗಾಳಿಗೂಡುಗಳಿವೆ, ಅವು ಬೆಳಕನ್ನು ಚದುರಿಸುವ ರೀತಿಯಿಂದ ನಮಗೆ ನೀಲಿ ಕಾಣುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಹೋಯಿತು. ರಾಮನ್ ಅವರು ಹೊಳೆಯುವ ಚಿಪ್ಪುಗಳನ್ನೂ ಬಿಡಲಿಲ್ಲ. ಅವರನ್ನು ಮದುವೆಯ ಪಂಕ್ತಿಯಲ್ಲಿ ಯಾರಾದರೂ ‘ಕೊನೆಗೆ?’ ಅಂತ ಕೇಳಿದ್ದರೆ ಆ ಪಂಕ್ತಿಯ ಗತಿ ಏನಾಗುತ್ತಿತ್ತೋ.

ನನ್ನ ದಾರಿ ಅಷ್ಟು ದೊಡ್ಡದಲ್ಲ. ಮಲೆನಾಡಿನ ಮನೆ, ಹಿತ್ತಲ ತುಂಬ ಕೆಸು. ಮಳೆಗಾಲದಲ್ಲಿ ಪತ್ರೊಡೆ ಮಾಡುವಾಗ ಅಜ್ಜಿ ಹಿಟ್ಟನ್ನು ಎಲೆಯ ಹಿಂಬದಿಗೆ ಬಳಿಯುತ್ತಿದ್ದರು. ಮುಂದೆ ಯಾಕೆ ಬಳಿಯಲ್ಲ ಅಂದರೆ “ನಿಲ್ಲಲ್ಲ ಕಣೆ” ಅಷ್ಟೇ ಉತ್ತರ. ಆ ‘ನಿಲ್ಲಲ್ಲ’ಕ್ಕೆ ಕಾರಣ ನನಗೆ ಸಿಕ್ಕಿದ್ದು ಎಂ.ಎಸ್ಸಿ. ಓದುವಾಗ, ಮಾನಸಗಂಗೋತ್ರಿಯ ಲೈಬ್ರರಿಯಲ್ಲಿ. ಜರ್ಮನಿಯಲ್ಲಿ ವಿಲ್ಹೆಲ್ಮ್ ಬಾರ್ಟ್ಲಾಟ್ ಅನ್ನುವ ಸಸ್ಯವಿಜ್ಞಾನಿ ಎಲೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದರು. ನೋಡುವ ಮೊದಲು ಎಲೆ ತೊಳೆಯಬೇಕು. ಕೆಲವು ಎಲೆಗಳಿಗೆ ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ, ಆಗಲೇ ಚೊಕ್ಕಟವಾಗಿ ಇರುತ್ತಿದ್ದವು. ಅದು ಯಾಕೆ ಅಂತ ಹಿಡಿದು ಹೊರಟು 1997ರಲ್ಲಿ ನೈನ್‌ಹೂಯಿಸ್ ಜೊತೆ ತಾವರೆ ಎಲೆಯ ಮೇಲಿನ ಪ್ರಬಂಧ ಪ್ರಕಟಿಸಿದರು. ಎಲೆಯ ಮೇಲೆ ಕಣ್ಣಿಗೆ ಕಾಣದ ಗುಬುಟುಗಳು, ಗುಬುಟುಗಳ ಮೇಲೆ ಇನ್ನೂ ಚಿಕ್ಕ ಮೇಣದ ಕಡ್ಡಿಗಳು. ಹನಿ ಕೂರುವುದು ಆ ತುದಿಗಳ ಮೇಲೆ, ಕೆಳಗೆಲ್ಲ ಗಾಳಿ. ಹಾಗಾಗಿ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಕೆಸುವಿನ ಎಲೆಯದ್ದೂ ಇದೇ ಉಪಾಯ. 1999ರಲ್ಲಿ ಇದೇ ತತ್ವದ ಮೇಲೆ ಲೋಟುಸಾನ್ ಅನ್ನುವ ಗೋಡೆ ಪೇಂಟ್ ಬಂತು, ಮಳೆಗೆ ತಾನೇ ತೊಳೆದುಕೊಳ್ಳುವಂಥದ್ದು. ನೋಡಿ, ‘ಕೊನೆಗೆ’ ಪೇಂಟ್ ಬಂತು. ಆದರೆ ಶುರುವಿನಲ್ಲಿ ಯಾರೂ ಪೇಂಟ್ ಹುಡುಕುತ್ತಿರಲಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ಪಿಎಚ್‌.ಡಿ., ಜರ್ಮನಿಯಲ್ಲಿ ಎರಡೂವರೆ ವರ್ಷ ಪೋಸ್ಟ್‌ಡಾಕ್, ಆಮೇಲೆ ಈ ಕೆಲಸ. ಮೂವತ್ತೊಂದು ವರ್ಷದವರೆಗೆ ಅಮ್ಮ ಎಲ್ಲರಿಗೂ “ಇನ್ನೂ ಓದ್ತಾ ಇದ್ದಾಳೆ” ಅಂತಲೇ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ.

ಪಿಎಚ್‌.ಡಿ.ಯಲ್ಲಿ ಮಾತ್ರ ಒಂದು ವಿಷಯ ಇದೆ. ಅದು ನನ್ನ ದಡ್ಡತನದ್ದು.

2000ನೇ ಇಸವಿಯಲ್ಲಿ ಅಮೆರಿಕದ ಜೀವವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಟೋಕೇ ಅನ್ನುವ ದೊಡ್ಡ ಹಲ್ಲಿಯ ಪಾದದಿಂದ ಒಂದೇ ಒಂದು ಕೂದಲು ತೆಗೆದು ಅದು ಎಷ್ಟು ಬಲವಾಗಿ ಅಂಟುತ್ತದೆ ಅಂತ ಅಳೆದರು. ಸುಮಾರು 200 ಮೈಕ್ರೋನ್ಯೂಟನ್, ಅಂದರೆ 20 ಮಿಲಿಗ್ರಾಂ ತೂಕ ಹಿಡಿಯುವಷ್ಟು. ಆ ಕೂದಲಿನ ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ತುದಿಯಲ್ಲಿ ಅದು ನೂರಾರು ಕವಲಾಗುತ್ತದೆ, ಒಂದೊಂದು ಕವಲಿನ ತುದಿಯೂ 200 ನ್ಯಾನೋಮೀಟರ್ ಅಗಲದ ಪುಟ್ಟ ಸೌಟಿನ ಹಾಗೆ. ನಮ್ಮ ತಲೆಕೂದಲಿನ ದಪ್ಪಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ನಾನೂರರಲ್ಲಿ ಒಂದು ಪಾಲು. ಅಷ್ಟು ಚಿಕ್ಕದಾದ್ದರಿಂದ ಗೋಡೆಗೆ ನಿಜವಾಗಿ ತಾಗುತ್ತದೆ. ನಮ್ಮ ಅಂಗೈ ಗೋಡೆಗೆ ತಾಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ ಅಷ್ಟೇ, ತಾಗುವುದು ಎಲ್ಲೋ ಕೆಲವು ಚುಕ್ಕಿಗಳಲ್ಲಿ. ಅಣುಗಳ ನಡುವೆ ವಾನ್ ಡರ್ ವಾಲ್ಸ್ ಅನ್ನುವ ಒಂದು ಬಡಪಾಯಿ ಬಲ ಇದೆ. ಯಾವ ಎರಡು ವಸ್ತುಗಳ ನಡುವೆಯೂ ಇರುತ್ತದೆ, ಆದರೆ ಕೆಲವೇ ನ್ಯಾನೋಮೀಟರ್ ದೂರದಲ್ಲಿ ಸತ್ತುಹೋಗುತ್ತದೆ. ಹಲ್ಲಿ ಬದುಕುವುದು ಮುಖ್ಯವಾಗಿ ಆ ಬಲದ ಮೇಲೆ. ಟೋಕೇ ಹಲ್ಲಿಗೆ ಅಂಥ ಕೂದಲು ಸುಮಾರು 65 ಲಕ್ಷ. ಎಲ್ಲವೂ ಒಟ್ಟಿಗೆ ಅಂಟಿದರೆ 130 ಕಿಲೋ ಹಿಡಿಯಬಹುದು ಅಂತ ಲೆಕ್ಕ. ಹಲ್ಲಿಯ ತೂಕ ಐವತ್ತು ಗ್ರಾಂ ಆಸುಪಾಸು. (ಒಣ ಟೆಫ್ಲಾನ್ ಮೇಲೆ ಮಾತ್ರ ಜಾರುತ್ತದೆ. ನಿಮ್ಮ ನಾನ್‌ಸ್ಟಿಕ್ ದೋಸೆ ತವಾ ಹಲ್ಲಿಯ ಮಟ್ಟಿಗೆ ಕ್ಷೇಮ.)

ಇದನ್ನು ಓದಿ ನಾನೂ ಅಂಥ ಕೂದಲು ಮಾಡುತ್ತೇನೆ ಅಂತ ಹೊರಟೆ. ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಸಣ್ಣ ಸಣ್ಣ ತೂತುಗಳ ಅಚ್ಚು ಮಾಡಿ, ಅದಕ್ಕೆ ಪಾಲಿಮರ್ ಸುರಿದು, ಅಚ್ಚನ್ನು ಕರಗಿಸಿದರೆ ಕೂದಲು ಉಳಿಯುತ್ತದೆ. ಇಡ್ಲಿ ತಟ್ಟೆಯ ಹಾಗೇ, ಏನೂ ವ್ಯತ್ಯಾಸ ಇಲ್ಲ. ಮೊದಲ ಎರಡು ವರ್ಷ ನನ್ನ ಕೂದಲು ಗಾಜಿಗೆ ಅಂಟುವ ಬದಲು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಯಿತು. ಉದ್ದ, ತೆಳ್ಳಗೆ, ಮೆತ್ತಗೆ ಇದ್ದರೆ ಹಾಗೇ ಆಗುವುದು, ಪಕ್ಕದ್ದನ್ನು ತಬ್ಬಿಕೊಳ್ಳುವುದೇ ಅದಕ್ಕೆ ಸಲೀಸು. ಗಿಡ್ಡ ಮಾಡಿದೆ, ಗಟ್ಟಿ ಮಾಡಿದೆ, ಅಂತೂ ನಾಲ್ಕನೇ ವರ್ಷ ಹೆಬ್ಬೆರಳಿನ ಉಗುರಿನಷ್ಟು ತುಂಡು ಗಾಜಿಗೆ ಅಂಟಿತು. ಎಂಥಾ ಅಂಟು! ಎಳೆದರೆ ಬರಲಿಲ್ಲ. ಜೋರಾಗಿ ಎಳೆದಾಗ ಬಂತು, ಅರ್ಧ ಕೂದಲು ಗಾಜಿನ ಮೇಲೇ ಬಿಟ್ಟು. ಇಡೀ ಲ್ಯಾಬಿಗೆ ಮೈಸೂರು ಪಾಕ್ ಹಂಚಿದೆ. ನನ್ನ ಗೈಡ್ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಚೆನ್ನಾಗಿದೆ. ಆದ್ರೆ ನೀನು ಮಾಡಿರೋದು ಹಲ್ಲಿ ಅಲ್ಲಮ್ಮ, ಫೆವಿಕಾಲ್” ಅಂದರು.

ಮೈಸೂರು ಪಾಕ್ ಗಂಟಲಲ್ಲೇ ನಿಂತಿತು.

ನನ್ನನ್ನು ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಇದು, ಈಗಲೂ ಯಾರೂ ಕೇಳುವುದಿಲ್ಲ: ಅಷ್ಟು ಗಟ್ಟಿಯಾಗಿ ಅಂಟುವ ಹಲ್ಲಿ ಕಾಲು ಕೀಳುವುದು ಹೇಗೆ? ಓಡುವಾಗ ಸೆಕೆಂಡಿಗೆ ಎಷ್ಟೋ ಸಲ ಪಾದ ಇಡಬೇಕು, ಎತ್ತಬೇಕು. 130 ಕಿಲೋ ಹಿಡಿಯುವ ಅಂಟನ್ನು ಐವತ್ತು ಗ್ರಾಂ ಪ್ರಾಣಿ ಎಳೆದು ಬಿಡಿಸಲು ಸಾಧ್ಯವೇ ಇಲ್ಲ. ಬಿಡಿಸುವುದೂ ಇಲ್ಲ. ಆ ಕೂದಲು ಸುಮ್ನೆ ಇದ್ದಾಗ ಅಂಟುವುದೇ ಇಲ್ಲ. ಸ್ವಲ್ಪ ಒತ್ತಿ, ಸುಮಾರು ಐದು ಮೈಕ್ರೋಮೀಟರ್ ಮೈ ಕಡೆಗೆ ಎಳೆದರೆ ಮಾತ್ರ ತುದಿಗಳು ಹಿಡಿಯುತ್ತವೆ. ಕೂದಲಿಗೂ ಗೋಡೆಗೂ ನಡುವಿನ ಕೋನ 30 ಡಿಗ್ರಿ ಹತ್ತಿರ ಬಂತು ಅಂದರೆ ತಾನಾಗಿ ಕಳಚಿಕೊಳ್ಳುತ್ತವೆ. ಅದಕ್ಕೇ ಹಲ್ಲಿ ತನ್ನ ಬೆರಳನ್ನು ತುದಿಯಿಂದ ಮೇಲಕ್ಕೆ, ಹಿಂದಕ್ಕೆ ಸುರುಳಿ ಸುತ್ತುತ್ತದೆ. ನಮ್ಮ ಬೆರಳು ಒಳಕ್ಕೆ ಮಡಚುತ್ತದಲ್ಲ, ಅದರ ಉಲ್ಟಾ. ಚಾಪೆಯ ಅಂಚು ಎತ್ತಿದ ಹಾಗೆ ಒಂದೊಂದು ಸಾಲು ಬಿಡುತ್ತಾ ಬರುತ್ತದೆ. 15 ಮಿಲಿಸೆಕೆಂಡಿನಲ್ಲಿ ಪಾದ ಎದ್ದಿರುತ್ತದೆ. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಗತಾನೆ ಸತ್ತ ಹಲ್ಲಿಗಳನ್ನೂ ಅಳೆದು ನೋಡಿದರು, ಬದುಕಿದ್ದಾಗಿನಷ್ಟೇ ಗಟ್ಟಿಯಾಗಿ ಹಿಡಿಯುತ್ತವೆ. ಅಂಟುವುದನ್ನು ಪಾದದ ರಚನೆಯೇ ನೋಡಿಕೊಳ್ಳುತ್ತದೆ. ಬಿಡುವುದು ಹಲ್ಲಿಯ ಕೆಲಸ.

ನಾನು ನಾಲ್ಕು ವರ್ಷ ಅರ್ಧ ಹಲ್ಲಿಯನ್ನು ಮಾತ್ರ ನೋಡಿದ್ದೆ. ಅಲ್ಲಿಂದ ಮುಂದೆ ನನ್ನ ಕೆಲಸ ಎಲ್ಲ ಬಿಡುವುದರ ಮೇಲೆ. ಕೂದಲನ್ನು ನೇರ ನಿಲ್ಲಿಸದೆ ಓರೆ ಮಾಡಿದರೆ ಏನಾಗುತ್ತದೆ, ತುದಿ ಎಷ್ಟು ತೆಳ್ಳಗಿರಬೇಕು, ನೂರು ಸಲ ಅಂಟಿಸಿ ಕಿತ್ತ ಮೇಲೆ ಧೂಳು ಎಲ್ಲಿ ಕೂತಿರುತ್ತದೆ, ಇಂಥವು. ಸಮಾಧಾನಕ್ಕೆ ಹೇಳುವುದಾದರೆ ಎಡವಿದವಳು ನಾನೊಬ್ಬಳೇ ಅಲ್ಲ. ಭೌತವಿಜ್ಞಾನಿ ಆಂಡ್ರೆ ಗೈಮ್ ಮ್ಯಾಂಚೆಸ್ಟರ್‌ನಲ್ಲಿ 2003ರಲ್ಲಿ ಹಲ್ಲಿ ಟೇಪು ಮಾಡಿ, ಸ್ಪೈಡರ್‌ಮ್ಯಾನ್ ಬೊಂಬೆಯನ್ನು ಗಾಜಿಗೆ ನೇತುಹಾಕಿ ಫೋಟೋ ತೆಗೆಸಿದ್ದರು. ಕೆಲವು ಸಲ ಅಂಟಿಸಿ ಕೀಳುವುದರೊಳಗೆ ಅದರ ಕೂದಲೂ ಸೋತಿತು. ಮಾರನೇ ವರ್ಷ ಅವರೇ, ನೊವೊಸೆಲೊವ್ ಜೊತೆ, ಅಂಗಡಿಯ ಸಾಮಾನ್ಯ ಟೇಪಿನಿಂದ ಗ್ರಾಫೈಟಿನ ಪದರ ಎಳೆದು ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ತೋರಿಸಿದರು. 2010ರ ನೊಬೆಲ್ ಬಂದದ್ದು ಅದಕ್ಕೆ. ನನ್ನನ್ನು ಅವರಿಗೆ ಹೋಲಿಸಬೇಡಿ, ಸಾಮಾನ್ಯ ಟೇಪು ನನ್ನ ಹತ್ತಿರವೂ ಇತ್ತು.

ಸರಿ, ಉಪಯೋಗ. ಬಿಡುವುದಿಲ್ಲವಲ್ಲ ನೀವು. ಸ್ಟ್ಯಾನ್‌ಫರ್ಡ್‌ನಲ್ಲಿ 2014ರಲ್ಲಿ 70 ಕಿಲೋದ ಮನುಷ್ಯ ಇಂಥ ಪ್ಯಾಡ್ ಕೈಯಲ್ಲಿ ಹಿಡಿದು ಗಾಜಿನ ಗೋಡೆ ಹತ್ತಿದ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ರಬ್ಬರ್ ಬಟ್ಟಲು ಒತ್ತಿ ಹಿಡಿಯಲು ಆಗುವುದಿಲ್ಲ, ಅಲ್ಲಿ ತೇಲುವ ಕಸ ಹಿಡಿಯಲು ಹಲ್ಲಿಯ ಉಪಾಯ ಬೇಕು ಅಂತ ನಾಸಾದವರೂ ಇದನ್ನು ಪರೀಕ್ಷಿಸಿದ್ದಾರೆ. ಈಗ ನನ್ನ ಒಬ್ಬ ವಿದ್ಯಾರ್ಥಿನಿ ಜೀರುಂಡೆಯ (ಜೀರ್ ಅಂತ ಕೂಗುವ ಸಿಕಾಡ) ರೆಕ್ಕೆ ಹಿಡಿದುಕೊಂಡಿದ್ದಾಳೆ. ಆ ರೆಕ್ಕೆಯ ಮೇಲೆ 200 ನ್ಯಾನೋಮೀಟರ್ ಎತ್ತರದ ಕಂಬಗಳಿವೆ. ಮೇಲೆ ಕೂತ ಕೆಲವು ಬ್ಯಾಕ್ಟೀರಿಯಾಗಳ ಪೊರೆ ಆ ಕಂಬಗಳ ನಡುವೆ ಜಗ್ಗಿ ಹರಿದೇ ಹೋಗುತ್ತದೆ, ಔಷಧಿ ಇಲ್ಲದೆ. ಆಸ್ಟ್ರೇಲಿಯಾದವರು 2012ರಲ್ಲಿ ತೋರಿಸಿದ್ದು. ಇದನ್ನು ಒಂದು ಸಭೆಯಲ್ಲಿ ಹೇಳಿದೆ. “ಹಾಗಾದ್ರೆ ಕೊರೊನಾ ಸಾಯುತ್ತಾ?” ಅಂತ ಕೇಳಿದರು. ಅದು ಬ್ಯಾಕ್ಟೀರಿಯಾ ಅಲ್ಲ ಸಾರ್.

ಒಂದು ತಪ್ಪೊಪ್ಪಿಗೆಯೂ ಇದೆ. ‘ಕೊನೆಗೆ’ ಅಂತ ಕೇಳುವವರನ್ನು ಬೈಯುವ ನಾನೇ ಪ್ರತಿ ಸಲ ಪ್ರಾಜೆಕ್ಟ್ ಅರ್ಜಿಯಲ್ಲಿ ‘ಸಮಾಜಕ್ಕೆ ಉಪಯೋಗ’ ಅನ್ನುವ ಕಾಲಂ ಬಂದ ಕೂಡಲೇ ನೋವಿಲ್ಲದೆ ಕೀಳಬಹುದಾದ ಬ್ಯಾಂಡೇಜ್ ಅಂತ ಬರೆಯುತ್ತೇನೆ. ಮೂರು ಅರ್ಜಿಗಳಲ್ಲಿ ಬರೆದಿದ್ದೇನೆ, ಮೂರು ವರ್ಷದೊಳಗೆ ಆಗುತ್ತದೆ ಅಂತ. ಎರಡಕ್ಕೆ ದುಡ್ಡು ಬಂತು. ಇವತ್ತಿನವರೆಗೆ ಒಂದು ಬ್ಯಾಂಡೇಜೂ ಮಾಡಿಲ್ಲ. ಆ ದುಡ್ಡಿನಲ್ಲಿ ಐದು ಹುಡುಗ ಹುಡುಗಿಯರು ಪಿಎಚ್‌.ಡಿ. ಮುಗಿಸಿದರು. ಅವರಲ್ಲಿ ಒಬ್ಬ ಈಗ ಚಿಪ್ ಡಿಸೈನ್‌ನಲ್ಲಿದ್ದಾನೆ, ಆ ಎಂಜಿನಿಯರ್ ಸಾಹೇಬರಿಗೆ ಯಾರಾದರೂ ತಿಳಿಸಿ.

ಬೇರೆ ಪ್ರಶ್ನೆ ಇದ್ದವರು ಮನೆಗೇ ಬನ್ನಿ. ಅಡುಗೆಮನೆಯ ಕಿಟಕಿಗೆ ಸಂಜೆ ಏಳೂವರೆಗೆ ಒಂದು ಬರುತ್ತದೆ, ಹೊರಗಿನ ಗಾಜಿನ ಮೇಲೆ, ದೀಪಕ್ಕೆ ಬರುವ ಹುಳ ಹಿಡಿಯಲು. ಒಳಗಿನಿಂದ ನೋಡಿದರೆ ಅಂಗಾಲು ಪೂರ್ತಿ ಕಾಣುತ್ತದೆ. ಅದರ ಮೂತಿ ನೋಡಬೇಡಿ, ಬೆರಳ ತುದಿ ನೋಡಿ, ಹುಳದ ಕಡೆ ನುಗ್ಗುವ ಸ್ವಲ್ಪ ಮೊದಲು. ಅಡುಗೆಮನೆಯ ದೀಪ ಮಾತ್ರ ಆರಿಸಬೇಡಿ, ಹುಳ ಹೋಗುತ್ತದೆ.