ಬೆಳ್ಳಿ ಇದ್ದ ಕಡೆಗೇ ಬಾಗುವ ತಗಡು ಕೊನೆಗೂ ನೆಟ್ಟಗಾಯಿತು

ಕೊನೆಗೂ ಒಂದು ಸಬ್‌ಸ್ಟ್ರೇಟ್, ಅಂದರೆ ಸರ್ಕ್ಯೂಟ್ ಕೂರಿಸುವ ತೆಳು ಸೆರಾಮಿಕ್ ಬಿಲ್ಲೆ, ಫರ್ನೇಸ್‌ನಿಂದ ಚಪ್ಪಟೆಯಾಗಿ ಹೊರಬಂದಿದೆ. ಗಾಜಿನ ಹಲಗೆ ಮೇಲಿಟ್ಟು ಮೂಲೆ ಒತ್ತಿದರೆ ಟಕ್ ಟಕ್ ಅನ್ನುವುದಿಲ್ಲ. ಆ ಸದ್ದು ಕೇಳಿ ಕೇಳಿ ತಲೆ ಕೆಟ್ಟಿತ್ತು.

ಮಾಡುವ ರೀತಿ ಮಾಮೂಲಿ: ಪುಡಿಗಳನ್ನು ಬಾಲ್ ಮಿಲ್‌ನಲ್ಲಿ (ಗುಂಡುಗಳು ಉರುಳುವ ಡಬ್ಬಿ) ಕಲಸಿ ಸ್ಲರಿ, ಅಂದರೆ ತೆಳು ಹಿಟ್ಟು, ಮಾಡುವುದು; ಅದನ್ನು ಡಾಕ್ಟರ್ ಬ್ಲೇಡ್ ಅನ್ನುವ ಅಲಗಿನಿಂದ ಹರಡಿ ಒಣಗಿಸಿದರೆ ಬಗ್ಗುವ ಹಾಳೆ, ಅದೇ ಟೇಪ್. ಮಿಶ್ರಣವೂ ಮಾಮೂಲಿ: ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಬೋರೋಸಿಲಿಕೇಟ್ ಗಾಜಿನ ಪುಡಿ ಹೆಚ್ಚುಕಮ್ಮಿ ಅರ್ಧರ್ಧ, ಜೊತೆಗೆ ಪುಡಿಯನ್ನು ಹಿಡಿದಿಡುವ ಅಂಟು, ಪಿವಿಬಿ ಬೈಂಡರ್. ಬರೀ ಟೇಪ್ ಸುಟ್ಟರೆ ತಕರಾರಿಲ್ಲ. ಮೇಲೆ ಬೆಳ್ಳಿ ಪೇಸ್ಟ್ ಪ್ರಿಂಟ್ ಮಾಡಿದರೆ ಸಾಕು, ಬೆಳ್ಳಿ ಇರುವ ಕಡೆಗೇ ಬಾಗುತ್ತಿತ್ತು.

ಮೊದಲು ಅನುಮಾನ ಬಂದಿದ್ದು ಗಾಜಿನ ಪುಡಿ ಮೇಲೆ. ಡಬ್ಬಿ ಮೇಲೆ 325 ಮೆಶ್ ಅಂತ ಬರೆದಿದ್ದಾರೆ, ಅಂದರೆ 44 ಮೈಕ್ರಾನ್‌ಗಿಂತ ಸಣ್ಣದಿರಬೇಕು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಬಂಡೆಗಲ್ಲುಗಳು! ಮಾರಿದವರನ್ನು ಕೇಳಿದರೆ ‘ಬೇರೆ ಯಾರೂ ದೂರು ಕೊಟ್ಟಿಲ್ಲ’ ಅಂದರು. ದುಡ್ಡು ಮುಂಗಡ, ಜರಡಿ ಹಿಡಿಯುವ ಕೆಲಸ ನಮ್ಮದು. ಇರಲಿ, ಅರೆದು ನುಣ್ಣಗೆ ಮಾಡಿದ ಮೇಲೂ ಬಾಗುವುದು ನಿಲ್ಲಲಿಲ್ಲ.

ಗಾಜಿನ ಮೇಲೆ ಸುಮ್ನೆ ಗೂಬೆ ಕೂರಿಸಿದ್ದಾಯಿತು, ಅಸಲಿ ಕಿತಾಪತಿ ಬೆಳ್ಳಿಯದು. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ನಾವು ಸುಡುವುದು 850ರಲ್ಲಿ. ಆದರೆ ನುಣ್ಣನೆ ಬೆಳ್ಳಿ ಪುಡಿ ಅದಕ್ಕಿಂತ ಎಷ್ಟೋ ಮೊದಲೇ ಒಂದಕ್ಕೊಂದು ಅಂಟಿ ಕುಗ್ಗಲು ಶುರು ಮಾಡುತ್ತದೆ. ಆಗಿನ್ನೂ ಗಾಜು ಸರಿಯಾಗಿ ಮೆತ್ತಗಾಗಿರುವುದಿಲ್ಲ. ಮೇಲಿನದು ಎಳೆಯುತ್ತದೆ, ಕೆಳಗಿನದು ಬರುವುದಿಲ್ಲ. ಬಾಗದೆ ಇನ್ನೇನು ಮಾಡೀತು? ಪೇಸ್ಟ್‌ಗೆ ಅದೇ ಗಾಜಿನ ಪುಡಿ ಚೂರು ಸೇರಿಸಿ ನೋಡಿದೆ. ಬಾಗು ಕಡಿಮೆಯಾಯಿತು, ಆದರೆ ಟ್ರೇಸ್‌ನ (ಬೆಳ್ಳಿ ಗೆರೆಯ) ರೆಸಿಸ್ಟೆನ್ಸ್ ಜಾಸ್ತಿಯಾಯಿತು, ಬೆಸುಗೆಯೂ ಕೂರಲಿಲ್ಲ.

ಕೈಹಿಡಿದಿದ್ದು ಬರೀ ಅಲ್ಯುಮಿನಾದ ಟೇಪ್. ನನ್ನ ಟೇಪ್‌ನ ಮೇಲೊಂದು, ಕೆಳಗೊಂದು ಇಟ್ಟು ಒತ್ತಿ ಅಂಟಿಸಿದೆ. 850 ಡಿಗ್ರಿ ಅಲ್ಯುಮಿನಾಕ್ಕೆ ಲೆಕ್ಕಕ್ಕೇ ಇಲ್ಲ. ಅದು ಕುಗ್ಗುವುದಿಲ್ಲ, ನಡುವಿನದನ್ನೂ ಅಡ್ಡಕ್ಕೆ ಕುಗ್ಗಲು ಬಿಡುವುದಿಲ್ಲ. ಕುಗ್ಗುವುದೆಲ್ಲ ದಪ್ಪದಲ್ಲೇ. ಕುಗ್ಗುತ್ತದೆ ಅಂತ ಮೊದಲೇ ಡ್ರಾಯಿಂಗ್‌ನಲ್ಲಿ ಶೇ. 13 ದೊಡ್ಡದಾಗಿ ಬರೆಯುವ ತಲೆನೋವೂ ತಪ್ಪಿತು. ಒಂದೇ ಎಚ್ಚರಿಕೆ: ಸುತ್ತ ಪದರ ಜಾಸ್ತಿಯಾದ್ದರಿಂದ ಬೈಂಡರ್ ಹೊಗೆ ಹೊರಬರಲು ಸಮಯ ಬೇಕು. 450ರಲ್ಲಿ ಚೆನ್ನಾಗಿ ನಿಲ್ಲಿಸಿ, ಗಾಳಿ ಆಡಲಿ. ಅವಸರ ಮಾಡಿದರೆ ಗಾಜು ರಂಧ್ರ ಮುಚ್ಚಿಬಿಡುತ್ತದೆ, ಒಳಗೆ ಕಾರ್ಬನ್ ಸಿಕ್ಕಿಕೊಂಡು ಬೂದು ಬಣ್ಣ, ಗುಳ್ಳೆ.

ನೆಟ್ಟಗಿನ ತಗಡು ಸಿಕ್ಕಿದ ಕೂಡಲೇ ತಲೆ ಬೇರೆ ಕಡೆ ಓಡಿತು. ಪದರಗಳ ನಡುವೆ ಸಣ್ಣ ಕಾಲುವೆ ಕೊರೆದು, ಅದರಲ್ಲಿ ಕಾರ್ಬನ್ ಪೇಸ್ಟ್ ತುಂಬಿ ಸುಟ್ಟರೆ? ಕಾರ್ಬನ್ ಉರಿದುಹೋಗಿ ಕಾಲುವೆ ಉಳಿಯಬೇಕು. ಪಕ್ಕದಲ್ಲೇ ಬೆಳ್ಳಿ ಹೀಟರ್ ಓಡಿಸಿದರೆ ದ್ರವ ಹರಿಸುವ ಪುಟ್ಟ ಚಿಪ್ ಆಯಿತಲ್ವಾ? ಆದರೆ ಗಾಜು ಮೆತ್ತಗಾಗುವವರೆಗೂ ಚಾವಣಿಗೆ ಆಸರೆ ಬೇಕು, ಕಾರ್ಬನ್ ಅಷ್ಟು ಹೊತ್ತು ಉಳಿಯಬೇಕು. ಅಂದರೆ ಗಾಜು ಮುಚ್ಚುವ ಮೊದಲೇ ಕಾರ್ಬನ್ ಓಡಿಸಬೇಕು ಅಂತ ಮೇಲೆ ಹೇಳಿದ್ದಕ್ಕೆ ಪೂರಾ ಉಲ್ಟಾ.

ಅದಕ್ಕೂ ಮುಂಚೆ ಪ್ಯಾಡ್‌ಗಳದ್ದೊಂದು (ಬೆಸುಗೆ ಹಾಕುವ ಬೆಳ್ಳಿ ಜಾಗಗಳು) ಕೆಲಸ ಬಾಕಿ. ಸುಟ್ಟ ಮೇಲೆ ಹೊರಗಿನ ಅಲ್ಯುಮಿನಾ ಟೇಪ್ ಪುಡಿಯಾಗಿ ಒದ್ದೆ ಬ್ರಷ್‌ಗೆ ಉದುರುತ್ತದೆ, ನಿಜ. ಆದರೆ ಭೂತಗನ್ನಡಿಯಲ್ಲಿ ನೋಡಿದರೆ ಬೆಳ್ಳಿಯಲ್ಲಿ ಬಿಳಿ ಚುಕ್ಕಿಗಳು ನೆಟ್ಟುಕೊಂಡಿವೆ. ಬೆಸುಗೆ ಅಲ್ಲಲ್ಲಿ ಹಿಂದೆ ಸರಿಯುತ್ತದೆ. ಮುಂದಿನ ಸಲ ಮೇಲಿನ ಪ್ಯಾಡ್‌ಗಳನ್ನು ಪುಡಿ ತೆಗೆದ ಮೇಲೆ ಪ್ರಿಂಟ್ ಮಾಡಿ ಇನ್ನೊಮ್ಮೆ ಸುಡುತ್ತೇನೆ.