ಫ್ರೀವೀಲ್ ಮತ್ತು ಉದ್ರಿ ಪುಸ್ತಕ

ಗುರುವಾರ, 13 ನವೆಂಬರ್ 2025
ವಿಜಯಪುರ, ರಾತ್ರಿ 10.40

ನಾಳೆ ಸಂಜೆ ಐದರೊಳಗೆ ಹೂಂ ಅನ್ನಬೇಕು, ಇಲ್ಲವೇ ಕೈಬಿಡಬೇಕು. ನನ್ನ ತಮ್ಮ ಬೆಂಗಳೂರಿನಲ್ಲಿ ಕುಳಿತು ನನ್ನ ಹೆಸರಿನಲ್ಲಿ ಐಪಿಒ ಅರ್ಜಿ, ಅಂದರೆ ಕಂಪನಿಯೊಂದು ಮೊದಲ ಸಲ ಜನರಿಗೆ ಮಾರುವ ಷೇರಿಗೆ ಅರ್ಜಿ, ತುಂಬಿಬಿಟ್ಟಿದ್ದಾನೆ. ಯುಪಿಐ ಒಪ್ಪಿಗೆ ಕೇಳುವ ಸಂದೇಶ ಮಧ್ಯಾಹ್ನದಿಂದ ಮೊಬೈಲ್‌ನಲ್ಲಿ ಕಾಯುತ್ತಿದೆ. ಪಿನ್ ಒತ್ತಿದರೆ 1,88,500 ರೂಪಾಯಿ ನನ್ನ ಖಾತೆಯಲ್ಲೇ ಇದ್ದೂ ನನ್ನ ಕೈಗೆ ಸಿಗದಂತಾಗುತ್ತದೆ. ಷೇರು ಬಂದರೆ ಕಡಿತ, ಬರದಿದ್ದರೆ ಬಿಡುಗಡೆ. ಅದು ಅಪ್ಪನ ಸೈಕಲ್ ಅಂಗಡಿಯ ಹಣ. ಬೇರೆ ಹಣವಾಗಿದ್ದರೆ ಇಷ್ಟು ಹೊತ್ತು ಎಚ್ಚರವಿರುತ್ತಿರಲಿಲ್ಲ.

ಕಂಪನಿ ಲೂಧಿಯಾನದ್ದು. ಸೈಕಲ್‌ನ ಹಿಂದಿನ ಗಾಲಿಯ ಹಲ್ಲುಚಕ್ರವಾದ ಫ್ರೀವೀಲ್, ಚೈನು, ಪೆಡಲ್ ಮಾಡುತ್ತದೆ. ನಾನು ಮೂರನೇ ತರಗತಿಯಲ್ಲಿದ್ದಾಗಲೇ ಅವರ ಫ್ರೀವೀಲ್ ಡಬ್ಬಿಗಳು ನಮ್ಮ ಅಂಗಡಿಯ ಮೇಲಿನ ಹಲಗೆಯ ಮೇಲಿದ್ದವು. ಖಾಲಿಯಾದ ಒಂದು ಡಬ್ಬಿಯನ್ನು ಅಪ್ಪ ನನಗೆ ಕೊಟ್ಟಿದ್ದರು, ಅದರಲ್ಲಿ ಪೆನ್ಸಿಲ್ ಇಡುತ್ತಿದ್ದೆ. ಗ್ರೀಸಿನ ವಾಸನೆ ಹೋಗಲೇ ಇಲ್ಲ. ಆ ಹೆಸರನ್ನು ಷೇರು ಪೇಟೆಯ ಸುದ್ದಿಯಲ್ಲಿ ಕಂಡಾಗ ನಮ್ಮ ಮನೆಯವರದೇ ಯಾರದೋ ಫೋಟೊ ಪತ್ರಿಕೆಯಲ್ಲಿ ಬಂದಂತೆ ಅನ್ನಿಸಿತು. ಅವ್ವನಿಗೆ ಹೇಳಿದೆ. “ಸೈಕಲ್‌ನಿಂದ ಬಂದ ಹಣ ಸೈಕಲ್‌ಗೇ ಹೋಗಲಿ ಬಿಡು” ಎಂದಳು. ಅಷ್ಟೇ ಸಾಕಾಯಿತು ತಮ್ಮನಿಗೆ.

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. “ಅಕ್ಕಾ, ಜಪಾನಿನ ಶಿಮಾನೊ 1921ರಲ್ಲಿ ಸಕಾಯ್ ಎಂಬ ಊರಿನಲ್ಲಿ ಶುರುವಾದದ್ದು ಫ್ರೀವೀಲ್‌ನಿಂದಲೇ. 1972ರಲ್ಲಿ ಷೇರು ಪೇಟೆಗೆ ಬಂತು. ಅವತ್ತು ಕೊಂಡು ಇಟ್ಟುಕೊಂಡವರನ್ನು ನೆನೆಸಿಕೋ” ಎನ್ನುತ್ತಾನೆ.

ಶಿಮಾನೊ ನಮ್ಮ ಊರಿಗೆ ಹೊಸ ಹೆಸರಲ್ಲ. ಬೆಳಗಿನ ಐದೂವರೆಗೆ ಸೊಲ್ಲಾಪುರ ರಸ್ತೆಯಲ್ಲಿ ಕ್ರೀಡಾ ನಿಲಯದ ಮಕ್ಕಳು ಸಾಲಾಗಿ ಹೋಗುವಾಗ ಕತ್ತಲಲ್ಲಿ ಮುಖ ಕಾಣುವುದಿಲ್ಲ, ಟೈರಿನ ಸುಯ್ಯೆಂಬ ಸದ್ದು ಮಾತ್ರ ಬಂದು ಹೋಗುತ್ತದೆ. ರಾಷ್ಟ್ರಮಟ್ಟದ ಪದಕ ತರುವ ಮಕ್ಕಳು. ಅವರ ಗೇರುಗಳ ಮೇಲೆ ಓದಿದ್ದು ಆ ಜಪಾನಿ ಹೆಸರನ್ನೇ. ಲೂಧಿಯಾನದ ನಮ್ಮ ಕಂಪನಿಯ ಹೆಸರನ್ನು ಒಂದರ ಮೇಲೂ ಕಂಡಿಲ್ಲ. ಶಿಮಾನೊ ಗೇರು ಬೇಕೆಂದು ಸವಾರನೇ ಕೇಳಿ ಕೊಳ್ಳುತ್ತಾನೆ. ನಮ್ಮ ಫ್ರೀವೀಲ್ ಯಾರದೆಂದು ಸೈಕಲ್ ತುಳಿಯುವವನಿಗೆ ಗೊತ್ತೇ ಇರುವುದಿಲ್ಲ. ಅದರ ಬೆಲೆ ಕಟ್ಟುವವರು ಸೈಕಲ್ ಕಂಪನಿಯವರು. ಇದನ್ನು ತಮ್ಮನಿಗೆ ಬರೆದೆ. ಅಷ್ಟು ದೊಡ್ಡ ಶಿಮಾನೊದ ಮಾರಾಟವೂ ಕೊರೋನಾ ಕಾಲದ ಭರಾಟೆ ಇಳಿದ ಮೇಲೆ, 2023ರಲ್ಲಿ, ಹೆಚ್ಚುಕಡಿಮೆ ಕಾಲು ಭಾಗ ಕುಸಿಯಿತು ಎಂದೂ ಬರೆದೆ. ಸೈಕಲ್ ಸಸ್ಪೆನ್ಷನ್ ಮಾಡುವ ಅಮೆರಿಕದ ರಾಕ್‌ಶಾಕ್ಸ್ 1996ರಲ್ಲಿ ದೊಡ್ಡ ಸದ್ದಿನೊಂದಿಗೆ ಷೇರು ಪೇಟೆಗೆ ಬಂದು 2002ರಲ್ಲಿ ಸ್ರ್ಯಾಮ್ ಎಂಬ ಬಿಡಿಭಾಗಗಳ ಕಂಪನಿಯ ಪಾಲಾಯಿತು. ಆ ಸ್ರ್ಯಾಮ್ ತಾನೇ 2011ರಲ್ಲಿ ಐಪಿಒಗೆ ಕಾಗದಪತ್ರ ಸಲ್ಲಿಸಿ ಕೊನೆಗೆ ಪೇಟೆಗೆ ಬರಲೇ ಇಲ್ಲ. ತಮ್ಮ ಸಸ್ಪೆನ್ಷನ್ ಮಾಡುವ ಇನ್ನೊಂದು ಕಂಪನಿ ಫಾಕ್ಸ್ ಅನ್ನು ಮುಂದಿಟ್ಟ: 2013ರಲ್ಲಿ 15 ಡಾಲರ್‌ಗೆ ಕೊಟ್ಟ ಷೇರು 2021ರಲ್ಲಿ 150 ದಾಟಿತ್ತು. ದಾಟಿದ್ದು ನಿಜ. ಆಮೇಲೆ ಏರಿದ್ದರಲ್ಲಿ ಬಹುಪಾಲು ಇಳಿದದ್ದೂ ನಿಜ.

ಶಾಲೆಯಲ್ಲಿ ಇವತ್ತು ಪಾಠ ನಡೆಯಲಿಲ್ಲ. ನಾಳೆ ಮಕ್ಕಳ ದಿನಾಚರಣೆ. ಎಂಟನೇ ತರಗತಿಯ ಹುಡುಗಿಯರ ಕೋಲಾಟದಲ್ಲಿ ಎರಡು ಕೋಲು ಮುರಿದವು.

ಬರುವಾಗ ಗಾಂಧಿ ಚೌಕದಲ್ಲಿ ಇಳಿದು ಚಾಚಾನ ಅಂಗಡಿಗೆ ಹೋದೆ. ಅಂಗಡಿ ಈಗ ಅವರದೇ. ಹನ್ನೆರಡು ವರ್ಷದ ಹುಡುಗನಾಗಿ ಪಂಚರ್ ಹಾಕಲು ಅಪ್ಪನ ಬಳಿ ಸೇರಿದವರು, ಈಗ ಗಡ್ಡ ಪೂರ್ತಿ ಬಿಳಿ. ಗೋಡೆಯ ಮೇಲೆ ಅಟ್ಲಾಸ್ ಸೈಕಲ್‌ನ ತಗಡಿನ ಫಲಕ ಇನ್ನೂ ಇದೆ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ, ಷೇರು ಪೇಟೆಯಲ್ಲೂ ಹೆಸರಿದ್ದ ಕಂಪನಿ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅದರ ಸಾಹಿಬಾಬಾದ್ ಕಾರ್ಖಾನೆಯ ಕಾರ್ಮಿಕರಿಗೆ ಬಾಗಿಲಲ್ಲಿ ಕೆಲಸ ನಿಂತಿತೆಂಬ ನೋಟಿಸ್ ಕಾದಿತ್ತು. ಆ ಸುದ್ದಿ ಓದಿ ಅಪ್ಪ ಅವತ್ತು ಊಟ ಮಾಡಿರಲಿಲ್ಲ.

ನಾನು ಕೇಳಿದ್ದು ಒಂದೇ ಮಾತು: “ಚಾಚಾ, ಈ ಲೂಧಿಯಾನ ಕಂಪನಿಯ ಮಾಲು ಈಗಲೂ ಮೊದಲಿನಂತೆಯೇ ಇದೆಯೇ?”

ಅವರು ಉತ್ತರ ಕೊಡಲಿಲ್ಲ. ಹಳೆಯ ಗಾಲಿಯೊಂದರಿಂದ ಬಿಚ್ಚಿಟ್ಟಿದ್ದ ಹದಿನೆಂಟು ಹಲ್ಲಿನ ಫ್ರೀವೀಲ್ ತೆಗೆದುಕೊಂಡು, ಮುಚ್ಚಳದ ತೂತಿಗೆ ಮೊಳೆಯ ತುದಿ ಕೊಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಲಕ್ಕೆ ಹೊಡೆದರು. ಉಳಿದದ್ದು ಹೆಚ್ಚಾಗಿ ಎಡಕ್ಕೆ ಬಿಚ್ಚಿದರೆ ಇದನ್ನು ಬಲಕ್ಕೆ ಬಿಚ್ಚಬೇಕು. ಚಿಕ್ಕವಳಿದ್ದಾಗ ನಾನು ಎಡಕ್ಕೆ ಹೊಡೆದು ಹೊಡೆದು ಅತ್ತದ್ದು ಅವರಿಗೆ ನೆನಪಿತ್ತು; ನನ್ನ ಮುಖ ನೋಡಿ ನಕ್ಕರು. ಮುಚ್ಚಳ ಬಿಟ್ಟಿತು. ಸಾಸಿವೆಗಿಂತ ತುಸು ದೊಡ್ಡ ಗುಂಡುಗಳು ಕಪ್ಪು ಗ್ರೀಸಿನೊಂದಿಗೆ ತಟ್ಟೆಗೆ ಉದುರಿದವು. ಒಳಗೆ ನಾಲಗೆಯಂತಹ ಎರಡು ಉಕ್ಕಿನ ತುಣುಕು, ಅವುಗಳ ಬೆನ್ನಿಗೆ ಕೂದಲೆಳೆಯಂತಹ ಸ್ಪ್ರಿಂಗ್. ಮುಂದೆ ತುಳಿದಾಗ ಆ ನಾಲಗೆ ಹಲ್ಲಿಗೆ ಕಚ್ಚಿ ಗಾಲಿಯನ್ನು ಎಳೆಯುತ್ತದೆ, ತುಳಿಯುವುದು ನಿಲ್ಲಿಸಿದರೆ ಜಾರಿ ಟಿಕ್ ಟಿಕ್ ಎನ್ನುತ್ತದೆ. ಚಾಚಾ ಒಂದನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟರು. ಉಗುರಿನಿಂದ ತುದಿ ಸವರಿದೆ. ಇಪ್ಪತ್ತು ವರ್ಷ ತುಳಿದ ಮೇಲೂ ಅಂಚು ಚೂಪಾಗಿಯೇ ಇತ್ತು. ಹೊಸದನ್ನೂ ಒಂದು ಬಿಚ್ಚಿ ತೋರಿಸಿದರು. ವ್ಯತ್ಯಾಸವಿಲ್ಲ.

“ಮಾಲು ಒಳ್ಳೆಯದು, ತಂಗೀ. ಮಾಲೀಕರ ಕೆಲಸವೂ ಒಳ್ಳೆಯದೇ ಇತ್ತಲ್ಲ” ಎಂದರು.

ಅಪ್ಪನನ್ನು ಅವರು ಈಗಲೂ ಮಾಲೀಕರು ಎನ್ನುತ್ತಾರೆ. ನಾನು ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮೇಲಿನ ಹಲಗೆ ತೋರಿಸಿದರು. “ಮೊದಲು ಇವರ ಮಾಲು ಬೇಕೆಂದರೆ ಮುಂಗಡ ಕೊಟ್ಟು ತಿಂಗಳು ಕಾಯಬೇಕಿತ್ತು. ಕಳೆದ ವರ್ಷದಿಂದ ಡೀಲರ್‌ನ ಹುಡುಗ ತಾನಾಗಿಯೇ ಬರುತ್ತಾನೆ. ನಾನು ಆರು ಕೇಳಿದರೆ ಇಪ್ಪತ್ತು ಇಳಿಸುತ್ತಾನೆ. ಹಣ ಎಂದರೆ, ಅವಸರವಿಲ್ಲ ಚಾಚಾ, ಮಾರಿದ ಮೇಲೆ ಕೊಡಿ ಎನ್ನುತ್ತಾನೆ. ಅವನಿಗೂ ಮೇಲಿನಿಂದ ಹಾಗೆಯೇ ಇಳಿಸುತ್ತಾರಂತೆ.”

ಸ್ಟೂಲ್ ಹತ್ತಿ ಎಣಿಸಿದೆ. ಹದಿನಾಲ್ಕು ಡಬ್ಬಿ ಹಾಗೆಯೇ ಇದ್ದವು, ಮೇಲೆ ಬೆರಳು ಮೂಡುವಷ್ಟು ಧೂಳು.

ಮನೆಗೆ ಬಂದು ರೊಟ್ಟಿ ತಿನ್ನುವ ಮೊದಲೇ ಕಂಪನಿಯ ಮಾಹಿತಿ ಪತ್ರ ತೆರೆದೆ. ನಾನೂರಕ್ಕೂ ಹೆಚ್ಚು ಪುಟ; ತಮ್ಮ ಓದಿದ್ದು ಮೊದಲ ಹತ್ತು ಇರಬಹುದು. ಮಾರಾಟ ವರ್ಷದಿಂದ ವರ್ಷಕ್ಕೆ ಏರಿದೆ, ಲಾಭವೂ ಏರಿದೆ. ಆದರೆ ಗಿರಾಕಿಗಳಿಂದ ಬರಬೇಕಾದ ಬಾಕಿ ಅದಕ್ಕಿಂತ ಬೇಗ ಏರಿದೆ. ಲಾಭದ ಪುಟದಲ್ಲಿರುವ ಹಣ ನಗದಿನ ಪುಟದಲ್ಲಿ ಇಲ್ಲ. ಚಾಚಾನ ಹಲಗೆಯ ಮೇಲಿನ ಹದಿನಾಲ್ಕು ಡಬ್ಬಿಗಳೂ ಆ ಮಾರಾಟದಲ್ಲಿ ಸೇರಿರಬೇಕಲ್ಲವೇ?

ಅಪ್ಪನ ಉದ್ರಿ ಪುಸ್ತಕ ಟ್ರಂಕಿನಲ್ಲಿದೆ. ಕೆಂಪು ಬಟ್ಟೆಯ ರಟ್ಟು. ತೆಗೆದು ನೋಡಿದೆ. ಟೈರ್, ಟ್ಯೂಬು, ಚೈನು, ಓವರ್‌ಹಾಲ್; ಎದುರಿಗೆ ಹೆಸರು, ಮೊತ್ತ. ಹಣ ಬಂದವರ ಹೆಸರಿನ ಮೇಲೆ ಅಡ್ಡ ಗೆರೆ. ಕೊನೆಯ ವರ್ಷಗಳ ಪುಟಗಳಲ್ಲಿ ಗೆರೆಗಳೇ ಇಲ್ಲ. ಅಪ್ಪ ಅದನ್ನೆಲ್ಲ ಗಳಿಕೆ ಎಂದೇ ಲೆಕ್ಕ ಹಿಡಿಯುತ್ತಿದ್ದರು. “ಬರುತ್ತದೆ, ಎಲ್ಲಿಗೆ ಹೋಗುತ್ತಾರೆ, ನಮ್ಮ ಊರಿನವರೇ” ಎನ್ನುತ್ತಿದ್ದರು. ನನ್ನ ಬಿ.ಇಡಿ ಶುಲ್ಕಕ್ಕೆ ಅವ್ವ ಪಾಟಲಿ ಒತ್ತೆಯಿಟ್ಟ ವರ್ಷ ಆ ಪುಸ್ತಕದಲ್ಲಿ ನಲವತ್ತು ಸಾವಿರ ಗಳಿಕೆ ಇತ್ತು.

ಇನ್ನೊಂದು ಲೆಕ್ಕವಿದೆ, ಅದು ನಾನು ಶಾಲೆಯಲ್ಲಿ ಕಲಿಸುವ ವಿಷಯವೇ. ಸಣ್ಣ ಹೂಡಿಕೆದಾರರಿಗೆ ಎರಡು ಲಕ್ಷದ ಮಿತಿ. ಒಂದು ಲಾಟ್, ಅಂದರೆ ಒಟ್ಟಿಗೇ ಕೊಳ್ಳಬೇಕಾದ ಷೇರುಗಳ ಕಟ್ಟು, ಹದಿನಾಲ್ಕೂವರೆ ಸಾವಿರದಂತೆ ತಮ್ಮ ಹದಿಮೂರು ಲಾಟ್ ತುಂಬಿದ್ದಾನೆ, ಹೆಚ್ಚು ಹಾಕಿದರೆ ಹೆಚ್ಚು ಸಿಗುತ್ತದೆ ಎಂದು. ಹಾಗಿಲ್ಲ. ಇರುವ ಲಾಟ್‌ಗಿಂತ ಅರ್ಜಿದಾರರೇ ಹೆಚ್ಚಾದರೆ ಚೀಟಿ ಎತ್ತಿದಂತೆ, ಸಿಕ್ಕವರಿಗೆ ಒಂದೇ ಲಾಟ್. ಒಂದು ಕೇಳಿದವನಿಗೂ ಹದಿಮೂರು ಕೇಳಿದವನಿಗೂ ಅವಕಾಶ ಸಮ. ಹದಿಮೂರೂ ಸಿಗುವುದು ಬೇರೆಯವರಿಗೆ ಬೇಡವಾದಾಗ ಮಾತ್ರ. ಇವತ್ತು ಎರಡನೇ ದಿನ ಮುಗಿಯಿತು, ಸಣ್ಣವರ ಪಾಲು ಅರ್ಧವೂ ತುಂಬಿಲ್ಲ. ಬರುವ ಹಣದಲ್ಲಿ ಮುಕ್ಕಾಲು ಪಾಲು ಕಾರ್ಖಾನೆಗೂ ಹೋಗುವುದಿಲ್ಲ, ತಂತಮ್ಮ ಷೇರು ಮಾರುತ್ತಿರುವ ಹಳೆಯ ಪಾಲುದಾರರಿಗೆ ಹೋಗುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೂ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ. ಚಾಚಾ ಆ ಹಳೆಯ ಫ್ರೀವೀಲ್ ಜೋಡಿಸಿ ನನ್ನ ಚೀಲಕ್ಕೆ ಹಾಕಿ ಕಳುಹಿಸಿದ್ದಾರೆ, ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿದೆ. ತಿರುಗಿಸಿದರೆ ಅದೇ ಸದ್ದು. ಪಡಸಾಲೆಯಲ್ಲಿ ಮಲಗಿದ್ದ ಅವ್ವ “ಯಾರು ಬಂದರು?” ಎಂದು ಎದ್ದು ಕುಳಿತಳು. ನಿದ್ದೆಗಣ್ಣಿನಲ್ಲಿ ಅಪ್ಪ ಸೈಕಲ್ ತಳ್ಳಿಕೊಂಡು ಒಳಗೆ ಬಂದಂತೆ ಕೇಳಿಸಿತಂತೆ. ಒಂದೇ ಒಂದು ಲಾಟ್, ಅಪ್ಪನ ಹೆಸರಿಗೆಂದು, ಹಾಕಿದರೆ ಹೇಗೆ? ತಮ್ಮನಿಗೆ ಹೇಳಿ ಅರ್ಜಿ ಬದಲಿಸಬಹುದು. ಹದಿನಾಲ್ಕೂವರೆ ಸಾವಿರ ಹೋದರೂ ಮನೆ ನಡೆಯುತ್ತದೆ.

ಅದಕ್ಕೂ ಮೊದಲು ಒಂದು ವಿಷಯ ನೋಡಬೇಕು. ಇವರ ಮಾರಾಟದ ಅರ್ಧಕ್ಕಿಂತ ಹೆಚ್ಚು ಎರಡೇ ಸೈಕಲ್ ಕಂಪನಿಗಳಿಗೆ ಎಂದು ಬರೆದಿದ್ದಾರೆ, ಹೆಸರು ಕೊಟ್ಟಿಲ್ಲ. ಅವು ರಾಜ್ಯ ಸರ್ಕಾರಗಳ ಶಾಲಾ ಟೆಂಡರ್ ನಂಬಿಕೊಂಡಿವೆ ಎಂಬ ಒಂದು ಸಾಲಿದೆ. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸೈಕಲ್ ಕೊಡುತ್ತಿದ್ದರಲ್ಲ, ಕೊರೋನಾ ಬಂದ ಮೇಲೆ ನಿಂತದ್ದು ನಮ್ಮ ಶಾಲೆಗೆ ಇನ್ನೂ ಬಂದಿಲ್ಲ. ಕೊನೆಯ ವರ್ಷದ ಸೈಕಲ್ ಒಂದು ಶಾಲೆಯ ಹಿಂದಿನ ಕೋಣೆಯಲ್ಲಿ ಬಿದ್ದಿದೆ. ನಾಳೆ ಕೋಲಾಟ ಮುಗಿದ ಕೂಡಲೇ ಆ ಗಾಲಿಯ ಫ್ರೀವೀಲ್ ಮೇಲೆ ಯಾವ ಹೆಸರಿದೆ ಎಂದು ಒರೆಸಿ ನೋಡಿದರೆ, ಅದು ಇವರದೇ ಆಗಿದ್ದರೆ