ಸೇಂಟ್ ಲೂಸಿಯಾದಲ್ಲಿ ಅತ್ತೆಗೆ ಸಿಕ್ಕ ಕೆಸುವಿನ ಎಲೆ

ರಿಸಾರ್ಟ್ ರಜೆ ಅಂದರೆ ನನಗೆ ಅಷ್ಟಕ್ಕಷ್ಟೇ. ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಸಿಕೊಂಡು ವಾರವಿಡೀ ಒಂದೇ ಈಜುಕೊಳದ ಪಕ್ಕ ಬಿದ್ದುಕೊಳ್ಳುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಆದರೆ ಈ ಸಲ ಪುತ್ತೂರಿನಿಂದ ಅತ್ತೆ ನ್ಯೂಜೆರ್ಸಿಗೆ ಬಂದಿದ್ದರು. ಅವರಿಗೆ ಮಂಡಿನೋವು. ನಡೆದು ನೋಡುವ ಊರು ಬೇಡ, ಕೂತು ನೋಡುವ ಸಮುದ್ರ ಸಾಕು ಅಂತ ಮನೆಯಲ್ಲಿ ತೀರ್ಮಾನವಾಯಿತು. ಅತ್ತೆಗೆ ಅದೂ ಒಪ್ಪಿಗೆಯಿರಲಿಲ್ಲ. "ಪಣಂಬೂರಿನಲ್ಲಿ ಸಮುದ್ರ ಉಂಟಲ್ಲ ಮಾರಾಯ್ತಿ. ಇಷ್ಟು ದುಡ್ಡು ಕೊಟ್ಟು ನೋಡ್ಲಿಕ್ಕೆ ಎಂಥ ಉಂಟು ಅಲ್ಲಿ?"

ಕೆರಿಬಿಯನ್ ಸಮುದ್ರದ ಯಾವ ದ್ವೀಪ ಅನ್ನುವುದರ ಮೇಲೆ ಒಂದಷ್ಟು ಜಗಳವಾಯಿತು. ಪುಂಟಾ ಕಾನಾಗೆ ಗೊತ್ತಿದ್ದವರೆಲ್ಲ ಹೋಗಿ ಬಂದಿದ್ದರು, ಎಲ್ಲರ ಫೋಟೋಗಳೂ ಒಂದೇ ಥರ ಇದ್ದವು. ಅರೂಬಾ ಚಂಡಮಾರುತದ ದಾರಿಯಿಂದ ದೂರ, ಆದರೆ ಬರೀ ಕಳ್ಳಿಗಿಡಗಳ ಒಣ ನೆಲ. ನನಗೆ ಹಸಿರು ಬೇಕಿತ್ತು. ಗಂಡನಿಗೆ ಕ್ರಿಕೆಟ್ ಮೈದಾನ ಬೇಕಿತ್ತು. ಸೇಂಟ್ ಲೂಸಿಯಾದಲ್ಲಿ ಬೆಟ್ಟ, ಕಾಡು, ಮೈದಾನ ಮೂರೂ ಇವೆ.

ನಮ್ಮ ಜೊತೆ ಬರಬೇಕಿದ್ದ ಇನ್ನೊಂದು ಕುಟುಂಬ ಕೊನೆಗೆ ಬರಲಿಲ್ಲ. ಅವರದು ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ. ಪಾಸ್‌ಪೋರ್ಟಿನಲ್ಲಿದ್ದ ಅದರ ಸ್ಟಾಂಪಿನ ಅವಧಿ ಮುಗಿದಿತ್ತು. ಕೆನಡಾಗೋ ಮೆಕ್ಸಿಕೋಗೋ ಕೆಲವು ದಿನ ಹೋಗಿಬಂದರೆ ನಡೆಯುವ ರಿಯಾಯಿತಿ ಎಚ್-1ಬಿಯವರಿಗೆ ಈ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಹೋದರೆ ಹೊಸ ಸ್ಟಾಂಪ್ ಇಲ್ಲದೆ ವಾಪಸ್ ಬರುವ ಹಾಗಿಲ್ಲ. ಅಂಥವರು ಪೋರ್ಟರಿಕೋಗೆ ಹೋಗುವುದು ವಾಸಿ, ಅದು ಅಮೆರಿಕದ್ದೇ ನೆಲ.

ಜೂನ್ ಕೊನೆಗೆ ಮಕ್ಕಳ ಶಾಲೆ ಮುಗಿಯುತ್ತದೆ, ಆಗಲೇ ಹೊರಟೆವು. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಅದಕ್ಕೇ ಬಾಡಿಗೆ ಕಡಿಮೆ. ನಿಜವಾದ ಭಯ ಇರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಾಗಂತ ಪೂರ್ತಿ ನಂಬುವ ಹಾಗೂ ಇಲ್ಲ. 2024ರ ಜುಲೈ 1ರಂದೇ ಬೆರಿಲ್ ಚಂಡಮಾರುತ ಗ್ರೆನಡಾದ ಕ್ಯಾರಿಯಾಕು ದ್ವೀಪವನ್ನು ನೆಲಸಮ ಮಾಡಿ ಹೋಗಿತ್ತು. ಹಾಗಾಗಿ ಕೊನೇ ಗಳಿಗೆಯಲ್ಲಿ ರದ್ದು ಮಾಡಬಹುದಾದ ಬುಕಿಂಗೇ ಬೇಕು ಅಂತ ಹಟ ಹಿಡಿದೆ. ಇನ್ನೊಂದು ಹಟ, ರಿಸಾರ್ಟ್ ಪಶ್ಚಿಮದ ದಡದಲ್ಲೇ ಇರಬೇಕು ಅನ್ನುವುದು. ಪೂರ್ವಕ್ಕೆ ಅಟ್ಲಾಂಟಿಕ್. ಅಲ್ಲಿ ಅಲೆ ಜೋರು, ಬೇಸಿಗೆಯಲ್ಲಿ ಕಂದು ಬಣ್ಣದ ಪಾಚಿ ರಾಶಿರಾಶಿ ಬಂದು ಕೊಳೆತು ನಾರುತ್ತದೆ.

ಇಷ್ಟೆಲ್ಲ ನೋಡಿ ಹೋದರೂ ಇಳಿದ ಗಳಿಗೆಯಲ್ಲೇ ಪೆಟ್ಟು ಬಿತ್ತು. ಬುಕಿಂಗ್ ಮಾಡಿದ ವೆಬ್‌ಸೈಟಿನಲ್ಲಿ "ವಿಮಾನ ನಿಲ್ದಾಣದಿಂದ ಉಚಿತ ವಾಹನ, ಕೆಲವೇ ನಿಮಿಷದ ದಾರಿ" ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಪುಟ್ಟ ದ್ವೀಪವಾದರೂ ಅಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ರಾಜಧಾನಿ ಕ್ಯಾಸ್ಟ್ರೀಸ್ ಪಕ್ಕದ್ದು ಚಿಕ್ಕದು, ಅಕ್ಕಪಕ್ಕದ ದ್ವೀಪಗಳ ಸಣ್ಣ ವಿಮಾನಗಳಿಗೆ. ನ್ಯೂಯಾರ್ಕ್‌ನಿಂದ ಬರುವ ದೊಡ್ಡ ವಿಮಾನ ಇಳಿಯುವುದು ದಕ್ಷಿಣ ತುದಿಯ ವಿಯೂ ಫೋರ್ಟ್‌ನ ಹೆವನೋರಾದಲ್ಲಿ. ನಮ್ಮ ರಿಸಾರ್ಟ್ ಇದ್ದದ್ದು ಉತ್ತರ ತುದಿಯ ರಾಡ್ನಿ ಬೇಯಲ್ಲಿ. ಉಚಿತ ವಾಹನ ಚಿಕ್ಕ ನಿಲ್ದಾಣಕ್ಕೆ ಮಾತ್ರವಂತೆ! ಫೋನ್ ಮಾಡಿದರೆ "ನಿಯಮಗಳ ಪುಟದಲ್ಲಿ ಇದೆ ಮೇಡಂ" ಅಂದರು. ಆ ಸಾಲು ನನಗೆ ಇವತ್ತಿಗೂ ಸಿಕ್ಕಿಲ್ಲ. ನೂರು ಡಾಲರ್ ಹತ್ತಿರ ಟ್ಯಾಕ್ಸಿಗೆ ಹೋಯಿತು. ಬುಕ್ ಮಾಡುವಾಗ ಯುವಿಎಫ್, ಅಂದರೆ ಈ ಹೆವನೋರಾ ನಿಲ್ದಾಣದಿಂದಲೇ ವಾಹನ ಬರುತ್ತದಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ನಿಲ್ದಾಣದಲ್ಲೇ ಇನ್ನೊಂದು ಪೆಟ್ಟು. ಸೈನಿಕರ ಬಟ್ಟೆಯ ಹಾಗೆ ಹಸಿರು-ಕಂದು ಮಚ್ಚೆಯ ಬಟ್ಟೆ ಅಲ್ಲಿ ಸಾಮಾನ್ಯ ಜನ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಮಕ್ಕಳಿಗೂ ಅದೇ ನಿಯಮ. ಮಗನ ಚಡ್ಡಿ ನೋಡಿ ಅಧಿಕಾರಿಯೊಬ್ಬರು ನಗುತ್ತಲೇ "ಬದಲಾಯಿಸಿಕೊಂಡು ಬಾ" ಅಂದರು. ಸೂಟ್‌ಕೇಸ್ ನೆಲದ ಮೇಲೆ ಬಿಚ್ಚಿ ಹುಡುಕಿದ್ದಾಯಿತು.

ಆದರೆ ದುಬಾರಿ ಟ್ಯಾಕ್ಸಿಯಿಂದ ಒಂದು ಲಾಭವಾಯಿತು. ಡ್ರೈವರ್ ಒಳ್ಳೆ ಮಾತುಗಾರ. ಎಲ್ಲಿಯವರು ಅಂದ. ಬೆಂಗಳೂರು ಅಂದ ನನ್ನ ಗಂಡ. ತಕ್ಷಣ "ದ್ರಾವಿಡ್!" ಅಂದ. 2006ರ ಜೂನ್‌ನಲ್ಲಿ ಇಲ್ಲಿ ನಡೆದ ಟೆಸ್ಟ್ ನೋಡಲು ಹೋಗಿದ್ದನಂತೆ. ಸೆಹ್ವಾಗ್ 180, ಕ್ಯಾಪ್ಟನ್ ದ್ರಾವಿಡ್ 140, ಕೈಫ್ 148 ನಾಟೌಟ್, ಎಲ್ಲ ಬಾಯಿಪಾಠ. "ಫಾಲೋ ಆನ್ ಆದೆವು. ಆಮೇಲೆ ಲಾರಾನೂ ಮಳೆಯೂ ಸೇರಿ ನಮ್ಮನ್ನು ಉಳಿಸಿದರು" ಅಂತ ನಕ್ಕ. ಮಿಕೂ ಊರು ಬಂದಾಗ ಗಾಡಿ ನಿಧಾನ ಮಾಡಿ, ಇದು ವೆಸ್ಟ್ ಇಂಡೀಸ್‌ನ ಮಾಜಿ ಕ್ಯಾಪ್ಟನ್ ಡ್ಯಾರೆನ್ ಸ್ಯಾಮಿಯ ಊರು ಅಂತ ತೋರಿಸಿದ. ಆ ಟೆಸ್ಟ್ ನಡೆದ ಮೈದಾನಕ್ಕೆ ಈಗ ಸ್ಯಾಮಿಯ ಹೆಸರೇ ಇದೆ. ಇಬ್ಬರೂ ಡೆನರಿ ದಾಟುವವರೆಗೆ ಕ್ರಿಕೆಟ್ ಬಿಡಲಿಲ್ಲ.

ಅತ್ತೆ ಮಾತ್ರ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಳಿಜಾರಿನಲ್ಲಿ ಬಾಳೆ ತೋಟ, ಒಂದೊಂದು ಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ. "ಗೊನೆಗೆ ಅಂಗಿ ಹಾಕಿದ್ದಾರಲ್ಲ!" ಕೀಟ ಮತ್ತು ಗೀರು ತಾಗದ ಹಾಗೆ ಅಂತ ಡ್ರೈವರ್ ಹೇಳಿದ. ಇಂಗ್ಲೆಂಡಿನ ಅಂಗಡಿಯಲ್ಲಿ ಗೀರು ಬಿದ್ದ ಬಾಳೆಹಣ್ಣನ್ನು ಯಾರೂ ಮುಟ್ಟುವುದಿಲ್ಲವಲ್ಲ. ಅವನ ಅಪ್ಪನದ್ದೂ ಒಂದು ಬಾಳೆ ತೋಟ ಇತ್ತಂತೆ. 1950ರ ದಶಕದಿಂದ ಇಡೀ ದ್ವೀಪ ಬದುಕಿದ್ದು ಬಾಳೆಯ ಮೇಲೆ, ಹಸಿರು ಚಿನ್ನ ಅನ್ನುತ್ತಿದ್ದರು. ಹಡಗು ಬರುವ ದಿನ ಮನೆಮಂದಿಯೆಲ್ಲ ರಾತ್ರಿಯೇ ಎದ್ದು ಗೊನೆ ಕಡಿಯುತ್ತಿದ್ದರು. ಬ್ರಿಟನ್ ಇಲ್ಲಿನ ಬಾಳೆಗೆ ವಿಶೇಷ ಮಾರುಕಟ್ಟೆ ಕೊಟ್ಟಿತ್ತು. ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು ತಕರಾರು ತೆಗೆದವು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಅವರ ಪರ ಬಂತು. ಆಮೇಲೆ ತೋಟಗಳು ಒಂದೊಂದಾಗಿ ಪಾಳು ಬಿದ್ದವು. "ಅಪ್ಪ ಬಾಳೆ ಕಳಿಸುತ್ತಿದ್ದ, ನಾನು ನಿಮ್ಮನ್ನು ಕರಕೊಂಡು ಬರುತ್ತೇನೆ" ಅಂದ. ಅಡಿಕೆ ರೇಟಿನ ಏರಿಳಿತ ನೋಡಿಯೇ ಬದುಕಿದ ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದಾಗ, ಏನೂ ಮಾತಾಡದೆ ತಲೆ ಆಡಿಸಿದರು.

ರಿಸಾರ್ಟಿನ ದಿನಗಳ ಬಗ್ಗೆ ಹೇಳುವುದಕ್ಕೆ ಜಾಸ್ತಿ ಇಲ್ಲ. ಮಕ್ಕಳು ನೀರಿನಿಂದ ಮೇಲೆ ಬರಲಿಲ್ಲ. ಊಟ ಮಾತ್ರ ಬೇಜಾರು. ಸಸ್ಯಾಹಾರ ಅಂದರೆ ಪಾಸ್ತಾ, ಸುಟ್ಟ ಬದನೆ, ಮತ್ತೆ ಪಾಸ್ತಾ. ಹೊರಗೆ ನೆಲ ಕಾಣದಷ್ಟು ಹಸಿರು, ತಟ್ಟೆಯಲ್ಲಿ ಡಬ್ಬಿಯ ಜೋಳದ ಕಾಳು. ಇನ್ನೊಂದು ವಿಷಯ, ಅಲ್ಲಿ ಕಡಲತೀರಗಳೆಲ್ಲ ಸಾರ್ವಜನಿಕರದ್ದು. ಕುರ್ಚಿ ರಿಸಾರ್ಟಿನದ್ದು, ಮರಳು ಎಲ್ಲರದ್ದು. ಸಂಜೆ ಊರ ಮಕ್ಕಳು ಬಂದು ನಮ್ಮ ಮಕ್ಕಳ ಜೊತೆ ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡಿದರು. ನನಗೆ ಅದೇ ಆ ರಿಸಾರ್ಟಿನ ಅತ್ಯುತ್ತಮ ಸೌಲಭ್ಯ ಅನ್ನಿಸಿತು.

ಪಿಟನ್ ಶಿಖರಗಳನ್ನು ದೋಣಿಯಿಂದ ನೋಡಿದೆವು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಎರಡು ಜ್ವಾಲಾಮುಖಿ ಕೊಂಬುಗಳು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಫೋಟೋಗಿಂತ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಹತ್ತಿರದ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿ ಬಿಸಿ ಕೆಸರು ಮೈಗೆ ಬಳಿದುಕೊಳ್ಳಲು ಜನ ಕ್ಯೂ ನಿಲ್ಲುತ್ತಾರೆ. ಕೊಳೆತ ಮೊಟ್ಟೆಯ ನಾತ. ನಾನಂತೂ ಮೂಗು ಮುಚ್ಚಿಕೊಂಡು ದೂರ ನಿಂತೆ.

ಶನಿವಾರ ಬೆಳಿಗ್ಗೆ ಅದೇ ಡ್ರೈವರ್‌ನನ್ನು ಕರೆಸಿಕೊಂಡು ಕ್ಯಾಸ್ಟ್ರೀಸ್ ಸಂತೆಗೆ ಹೋದೆವು. ಗಂಡ, ಮಕ್ಕಳು ನೀರಲ್ಲೇ ಉಳಿದರು. ಅತ್ತೆ ವಾಯಿಲ್ ಸೀರೆ ಉಟ್ಟು, ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ್ದರು. ಜಾಯಿಕಾಯಿ, ಚಕ್ಕೆ, ಕೋಕೋ ಕಡ್ಡಿಗಳ ಮಳಿಗೆಗಳನ್ನು ದಾಟಿ ತರಕಾರಿ ಸಾಲಿಗೆ ಬಂದವರು ಗಕ್ಕನೆ ನಿಂತರು.

"ಇದು ಜೀಗುಜ್ಜೆ ಅಲ್ವಾ ಮಾರಾಯ್ತಿ!"

ಜೀಗುಜ್ಜೆಯೇ, ಇಂಗ್ಲಿಷಿನ ಬ್ರೆಡ್‌ಫ್ರೂಟ್. ಪಕ್ಕದಲ್ಲಿ ಕೆಸುವಿನ ಎಲೆಯ ಕಟ್ಟುಗಳು. ಅದರಾಚೆ ಕೆಸುವಿನ ಗೆಡ್ಡೆ, ಹಸಿ ಬಾಳೆಕಾಯಿ, ಅರಸಿನದ ಕೊಂಬು. ಅತ್ತೆ ಒಂದು ಎಲೆ ಎತ್ತಿ ತಿರುಗಿಸಿ ನರ ನೋಡಿದರು. ದಂಟಿನ ತುದಿಯನ್ನು ಮುಂಗೈಗೆ ಉಜ್ಜಿಕೊಂಡು ಕಾದರು.

"ತುರಿಸ್ತದಾ ಕೇಳು."

ಅಂಗಡಿಯ ಹೆಂಗಸಿಗೂ ಅತ್ತೆಯದೇ ವಯಸ್ಸು. ತಲೆಗೆ ಮದ್ರಾಸ್ ಚೌಕಳಿಯ ಬಟ್ಟೆ ಕಟ್ಟಿದ್ದರು. ಕೇಳಿದೆ. ಎಳೆ ಎಲೆ ತಗೊಳ್ಳಿ, ಚೆನ್ನಾಗಿ ಬೇಯಿಸಿ, ಅರೆಬೆಂದರೆ ಗಂಟಲು ಹಿಡಿಯುತ್ತದೆ ಅಂದರು. ಆಮೇಲೆ ಸೀರೆ ನೋಡಿ, "ಟ್ರಿನಿಡಾಡ್‌ನವರಾ?" ಅಂದರು. ಭಾರತ ಮೂಲದವರು ಬಹಳ ಇರುವ ದ್ವೀಪ ಅದು.

ಇಂಡಿಯಾ ಅಂದೆ. ನಿಜವಾದ ಇಂಡಿಯಾನಾ ಅಂತ ಮತ್ತೆ ಕೇಳಿದರು. ತನ್ನ ಗಂಡನ ಅಜ್ಜಿಯ ಕಡೆಯವರು ಇಂಡಿಯನ್ನರಂತೆ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗೆ ಆಳು ಸಿಗದೆ ಬ್ರಿಟಿಷರು ಕೂಲಿ ಕರಾರಿನ ಮೇಲೆ ನಮ್ಮ ಜನರನ್ನು ತಂದರು. ಇಲ್ಲಿಗೆ ಮೊದಲ ಹಡಗು ಬಂದದ್ದು 1859ರಲ್ಲಿ. ಭಾಷೆ ಹೋಗಿದೆ. ರೊಟ್ಟಿ ಉಳಿದಿದೆ.

ಅತ್ತೆಗೆ ಇತಿಹಾಸಕ್ಕಿಂತ ತುರಿಕೆಯ ಪ್ರಶ್ನೆ ದೊಡ್ಡದಾಗಿತ್ತು. "ಹುಳಿ ಹಾಕುದಿಲ್ವಾ ಇವರು? ಹುಣಸೆಹುಳಿ ಹಾಕಿದ್ರೆ ತುರಿಸುದಿಲ್ಲ ಅಂತ ಹೇಳು."

ಹೇಳಿದೆ. ಆಕೆ ಜೋರಾಗಿ ನಕ್ಕು, ಹುಣಸೆಹಣ್ಣಿನಲ್ಲಿ ನಾವು ಮಿಠಾಯಿ ಮಾಡುತ್ತೇವೆ ಅಂತ ಡಬ್ಬಿಯಿಂದ ಒಂದು ಉಂಡೆ ತೆಗೆದು ಅತ್ತೆಯ ಕೈಗಿಟ್ಟರು. ಸಕ್ಕರೆಯಲ್ಲಿ ಹೊರಳಿಸಿದ ಹುಣಸೆ ಉಂಡೆ. ಅತ್ತೆ ಬಾಯಿಗೆ ಹಾಕಿ ಒಂದು ಕಣ್ಣು ಮುಚ್ಚಿದರು. "ಖಾರ ಉಂಟು. ಅಡ್ಡಿಲ್ಲ."

"ನೀವು ಈ ಎಲೆಯಲ್ಲಿ ಏನು ಮಾಡುತ್ತೀರಿ?" ಅಂತ ಆಕೆ ಕೇಳಿದ್ದೇ ತಡ, ಪತ್ರೊಡೆಯ ಪಾಠ ಶುರುವಾಯಿತು. ಅತ್ತೆ ದೊಡ್ಡ ಎಲೆಯೊಂದನ್ನು ಹಲಗೆಯ ಮೇಲೆ ಬೋರಲಾಗಿ ಹಾಸಿದರು. ಇಲ್ಲದ ಹಿಟ್ಟನ್ನು ಅಂಗೈಯಲ್ಲಿ ಸವರಿದರು. ಮೇಲೆ ಇನ್ನೊಂದು ಎಲೆ, ತುದಿ ಈ ಕಡೆಗೆ. ಮತ್ತೆ ಸವರಿದರು. ಎರಡೂ ಬದಿ ಒಳಗೆ ಮಡಚಿ, ಬಿಗಿಯಾಗಿ ಸುತ್ತುತ್ತಾ ಬಂದರು. ನಾನು ಪಕ್ಕದಲ್ಲಿ ನಿಂತು ಅಕ್ಕಿ, ಮೆಣಸು, ಕೊತ್ತಂಬರಿ, ಹುಳಿ, ಬೆಲ್ಲ ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನೋಡಿದರೆ ಆಕೆ ನನ್ನ ಮಾತು ಕೇಳುತ್ತಲೇ ಇಲ್ಲ. ಇನ್ನೆರಡು ಎಲೆ ಹಾಸಿ ತಾನೂ ಸುತ್ತುತ್ತಿದ್ದರು. ಸಡಿಲವಾಯಿತು ಅಂತ ಅತ್ತೆ ಆಕೆಯ ಕೈ ಮೇಲೆ ಕೈಯಿಟ್ಟು ಒತ್ತಿದರು.

"ಹಬೆಯಲ್ಲಿ ಬೇಯಿಸುವುದಾ? ಒಳಗೆ ಏಡಿ ಹಾಕಬಹುದಲ್ಲ!" ಅಂದರು ಆಕೆ. ಅವರ ಕಲಲೂ ಸಾರಿಗೆ ಈ ಎಲೆಯ ಜೊತೆ ಏಡಿಯೋ ಉಪ್ಪು ಹಾಕಿದ ಮಾಂಸವೋ ಬೀಳುತ್ತದೆ.

ಅನುವಾದ ಮಾಡಲೋ ಬೇಡವೋ ಅಂತ ಯೋಚಿಸಿ ಮಾಡಿದೆ. "ಶಿವ ಶಿವಾ, ಪತ್ರೊಡೆಗೆ ಏಡಿಯಾ!" ಅಂತ ಅತ್ತೆ ಕಿವಿ ಮುಚ್ಚಿಕೊಂಡರು. ಆಕೆಗೆ ನಗು ತಡೆಯಲಾಗಲಿಲ್ಲ. ಪಕ್ಕದ ಅಂಗಡಿಯವರಿಗೆ ಅಲ್ಲಿನ ಆಡುಭಾಷೆ ಕ್ರಿಯೋಲ್‌ನಲ್ಲಿ ಕೂಗಿ ಹೇಳಿ ಅವರನ್ನೂ ನಗಿಸಿದರು. ಗಿರಾಕಿಗಳು ಕಾಯುತ್ತಿದ್ದರು. ಡ್ರೈವರ್ ಗಡಿಯಾರ ನೋಡುತ್ತಿದ್ದ. ಯಾರಿಗೂ ಅವಸರ ಇದ್ದಂತೆ ಕಾಣಲಿಲ್ಲ, ನನ್ನನ್ನೂ ಸೇರಿಸಿ.

ಜೀಗುಜ್ಜೆ ಇಲ್ಲಿಗೆ ಬಂದ ಕಥೆ ಅಷ್ಟು ನಗುವಂಥದ್ದಲ್ಲ. ಗುಲಾಮರಿಗೆ ಅಗ್ಗದ ಊಟ ಬೇಕು ಅಂತ ತೋಟದ ಮಾಲೀಕರು ಕೇಳಿದ್ದಕ್ಕೆ ಕ್ಯಾಪ್ಟನ್ ಬ್ಲೈ ಎಂಬಾತ ಪೆಸಿಫಿಕ್‌ನ ತಹೀತಿಯಿಂದ ಸಸಿಗಳನ್ನು ಹೊತ್ತು ತಂದ. ಮೊದಲ ಸಲ, 1789ರಲ್ಲಿ, ಅವನ ಬೌಂಟಿ ಹಡಗಿನಲ್ಲಿ ದಂಗೆಯೆದ್ದು ಸಸಿಗಳೆಲ್ಲ ಸಮುದ್ರದ ಪಾಲಾದವು. 1793ರಲ್ಲಿ ಎರಡನೇ ಹಡಗು ಪಕ್ಕದ ಸೇಂಟ್ ವಿನ್ಸೆಂಟ್ ಮುಟ್ಟಿತು. ತಂದು ಕೊಟ್ಟದ್ದನ್ನು ಗುಲಾಮರು ಮೊದಮೊದಲು ಬಾಯಿಗೂ ಹಾಕಲಿಲ್ಲವಂತೆ. ಈಗ ಪ್ರತಿ ಹಿತ್ತಲಲ್ಲೂ ಒಂದು ಮರ ಇದೆ.

ಎರಡು ಜೀಗುಜ್ಜೆ, ಒಂದು ಕಟ್ಟು ಎಲೆ ಕೊಂಡೆವು. ಎಲೆಯ ಕಟ್ಟಿಗೆ ಆಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ಮಾತು: ಸಂತೆಗೆ ಹೋಗುವಾಗ ಅಲ್ಲಿನ ಇಸಿ (ಈಸ್ಟರ್ನ್ ಕೆರಿಬಿಯನ್) ಡಾಲರ್ ಇಟ್ಟುಕೊಳ್ಳಿ. ಒಂದು ಅಮೆರಿಕನ್ ಡಾಲರ್‌ಗೆ 2.70 ಇಸಿ. ಅಮೆರಿಕನ್ ನೋಟು ಕೊಟ್ಟರೂ ನಡೆಯುತ್ತದೆ, ಆದರೆ ಚಿಲ್ಲರೆ ಲೆಕ್ಕದಲ್ಲಿ ನಿಮಗೇ ನಷ್ಟ. ಮಾಂಸ ತಿನ್ನದವರು ರಾಸ್ತಫಾರಿ ಪಂಥದವರ ಐಟಲ್ ಊಟ ಎಲ್ಲಿ ಸಿಗುತ್ತದೆ ಅಂತ ಕೇಳಿ. ಅದರಲ್ಲಿ ಮಾಂಸ ಇಲ್ಲ, ಉಪ್ಪೂ ಬಲು ಕಡಿಮೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಬೇಳೆ, ಕುಂಬಳ. ಉಪ್ಪಿನಕಾಯಿ ಇದ್ದರೆ ಸ್ವರ್ಗ. ನಮ್ಮ ಹತ್ತಿರ ಇತ್ತು.

ರಿಸಾರ್ಟಿಗೆ ತಂದ ಮೇಲೆ ಬೇಯಿಸುವುದೆಲ್ಲಿ ಅನ್ನುವ ಪ್ರಶ್ನೆ. ಎಲೆಯ ಆಸೆ ಬಿಡಬೇಕಾಯಿತು, ಅಕ್ಕಿ ರುಬ್ಬುವವರಾರು? ಜೀಗುಜ್ಜೆಯನ್ನು ಮಾತ್ರ ಅತ್ತೆ ಬಿಡಲಿಲ್ಲ. ಎರಡನ್ನೂ ಕಂಕುಳಲ್ಲಿಟ್ಟುಕೊಂಡು ಹೊರಗಿನ ಗ್ರಿಲ್ ಹತ್ತಿರ ನಿಂತರು. ಗ್ರಿಲ್ ನೋಡಿಕೊಳ್ಳುವ ಹುಡುಗ ಊರಿನವನೇ. ಒಂದು ಕಾಯಿಯನ್ನು ಇಡಿಯಾಗಿ ಕೆಂಡದ ಮೇಲಿಟ್ಟು, ತಿರುಗಿಸುತ್ತಾ ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಸುಟ್ಟ. ಸಿಪ್ಪೆ ಕೆತ್ತಿ, ನಡುವಿನ ಗೂಂಜು ತೆಗೆದು, ಹೋಳು ಮಾಡಿ ಬೆಣ್ಣೆ ಹಚ್ಚಿ ಕೊಟ್ಟ. ಹೊಗೆಯ ವಾಸನೆ, ಒಳಗೆ ಹತ್ತಿಯಷ್ಟು ಮೆತ್ತಗೆ. ವಾರದಲ್ಲಿ ತಿಂದ ಊಟದಲ್ಲಿ ಅದಕ್ಕೇ ನನ್ನ ಮೊದಲ ಮಾರ್ಕು.

ಇನ್ನೊಂದು ಕಾಯಿಯನ್ನು ತೆಳ್ಳಗೆ ಹೆಚ್ಚಿ, ಖಾರದ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡಬೇಕು ಅಂತ ಅತ್ತೆ ಅವನಿಗೆ ಜೀಗುಜ್ಜೆ ಪೋಡಿ ಹೇಳಿಕೊಟ್ಟರು. ಕಡಲೆಹಿಟ್ಟು ಇಲ್ಲ ಅಂದ, ಮೈದಾದಲ್ಲಿ ನೋಡ್ತೇನೆ ಅಂದ. ಮರುದಿನ ಮಧ್ಯಾಹ್ನ ಬಫೆಯಲ್ಲಿ ನಿಜಕ್ಕೂ ಒಂದು ಟ್ರೇ ಇಟ್ಟಿದ್ದ. ಅತ್ತೆ ಮಂಡಿ ಹಿಡಿದುಕೊಂಡು ಅಲ್ಲಿ ಮುಟ್ಟುವಷ್ಟರಲ್ಲಿ ಟೆಕ್ಸಸ್‌ನ ಒಂದು ದೊಡ್ಡ ಗುಂಪು ಅದನ್ನು ಖಾಲಿ ಮಾಡಿತ್ತು. ಹುಡುಗ ಕ್ಷಮೆ ಕೇಳಿದ. ಅತ್ತೆ ಟ್ರೇಯ ತಳದಲ್ಲಿ ಉಳಿದ ಪುಡಿ ಚಿಟಿಕೆಯಷ್ಟು ಬಾಯಿಗೆ ಹಾಕಿ ನೋಡಿದರು.

"ಇಂಗು ಹಾಕಲಿಲ್ಲ ಇವ. ಆದ್ರೂ ಗರಿಗರಿ ಉಂಟು, ಹೇಳು ಅವನಿಗೆ."